ಹೆಸರಿಲ್ಲದ ಒಂದು ಪುಟ

ಕುಶಲಾ ಗುಂಡುಸೂಜಿಯ ತುದಿಯಿಂದ ಟೈಪ್‌ರೈಟರಿನ ಅಕ್ಷರಗಳ ಹೊಟ್ಟೆಯಲ್ಲಿ ಕಟ್ಟಿಕೊಂಡಿದ್ದ ಮಸಿಯನ್ನು ಕೆದಕಿ ತೆಗೆಯುತ್ತಿದ್ದಳು. ಹಳೆ ಬನಿಯನ್ನಿನ ತುಂಡಿಗೆ ಸೀಮೆಎಣ್ಣೆ ಮುಟ್ಟಿಸಿ ಒರೆಸುವುದು, ಮತ್ತೆ ಕೆದಕುವುದು. ಒಡತಿ ಕಾನ್ಸೆಪ್ಟಾ ಬಾಯಮ್ಮ ಮೂಲೆಯ ಕುರ್ಚಿಯಲ್ಲಿ ಕೂತು ಕಾರ್ಬನ್ ಹಾಳೆಗಳನ್ನು ಬಿಡಿಸಿ ಇಡುತ್ತಿದ್ದರು.

ಬೆಳಕಿಗೆ ಅಡ್ಡವಾಗಿ ಯಾರೋ ಬಂದು ನಿಂತರು.

"ಟೈಪ್ ಮಾಡುವವರು ಎಲ್ಲಿ?"

ಕುಶಲಾ ತಲೆ ಎತ್ತಿದಳು. ಎತ್ತರದ ಆಳು. ಕ್ಯಾನ್ವಾಸ್ ಶೂಗಳ ಮೇಲೆ ಕೆಂಪು ಧೂಳು. ಬಸ್ಸಿನಿಂದ ಇಳಿದವನು ಓಡಿಕೊಂಡೇ ಬಂದಿರಬೇಕು, ಎದೆ ಏರಿ ಇಳಿಯುತ್ತಿತ್ತು.

"ನಾನೇ" ಎಂದಳು.

"ನೀವಾ?" ಅವನ ಕಣ್ಣು ಅವಳ ಮಸಿ ಹತ್ತಿದ ಬೆರಳುಗಳ ಮೇಲೆ ನಿಂತಿತು. "ಇಂಗ್ಲಿಷ್ ಬರ್ತದಾ?"

"ಅಕ್ಷರ ಬರ್ತದೆ."

ಅವನು ನಕ್ಕುಬಿಟ್ಟ. ತಮಾಷೆಗೆ ಹೇಳಿದಳು ಎಂದುಕೊಂಡ.

ಆದರೆ ಅವಳು ಹೇಳಿದ್ದು ಇದ್ದದ್ದನ್ನೇ. ಕಾಪುವಿನ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಓದು ನಿಂತಿತ್ತು. ಅಪ್ಪ ಹೋದ ದೋಣಿ ತಿರುಗಿ ಬರಲಿಲ್ಲ. ಅಮ್ಮ ಮೀನಿನ ಬುಟ್ಟಿ ಹೊತ್ತಳು. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಕುಶಲಾ ಮನೆಯಲ್ಲಿ ಉಳಿದಳು. ಅವರು ದೊಡ್ಡವರಾದ ಮೇಲೆ ಉಡುಪಿಯ ಬಸ್‌ಸ್ಟ್ಯಾಂಡ್ ಹತ್ತಿರದ ಈ ಅಂಗಡಿಗೆ ಕಸ ಗುಡಿಸಲು ಬಂದವಳಿಗೆ ಬಾಯಮ್ಮನೇ ಟೈಪಿಂಗ್ ಕಲಿಸಿದರು. ಬರೆದದ್ದನ್ನು ನೋಡಿ ಹಾಗೇ ಒತ್ತುತ್ತಿದ್ದಳು. ಒಂದು ಅಕ್ಷರ ತಪ್ಪುತ್ತಿರಲಿಲ್ಲ. ಆದರೆ ಆ ಇಂಗ್ಲಿಷ್ ಅಕ್ಷರಗಳು ಏನು ಹೇಳುತ್ತವೆ ಎಂಬುದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ನಾನು ಸರ್ವೋತ್ತಮ. ಕಾರ್ಕಳದ ಕಾಲೇಜಿನಲ್ಲಿ ಪಿ.ಟಿ. ಮಾಸ್ಟ್ರು" ಎಂದು ಅವನು ಎರಡು ಹಾಳೆ ಮುಂದಿಟ್ಟ. "ಮಣಿಪಾಲದಲ್ಲಿ ಕ್ರೀಡಾ ನಿರ್ವಹಣೆ ಅಂತ ದೊಡ್ಡ ಸಮ್ಮೇಳನ ಆಗ್ತದೆ. ಎಲ್ಲೆಲ್ಲಿಂದಲೋ ಪ್ರೊಫೆಸರುಗಳು ಬರ್ತಾರೆ. ನಮ್ಮ ಸಂಶೋಧನೆಯ ಸಾರಾಂಶ ಮೊದಲೇ ಕೊಡಬೇಕು. ಅವರು ಒಪ್ಪಿದರೆ ಅಲ್ಲಿ ಹೋಗಿ ಓದಬಹುದು."

ಬಾಯಮ್ಮ ಕನ್ನಡಕ ಸರಿಮಾಡಿಕೊಂಡರು. "ಆಟಕ್ಕೂ ಸಂಶೋಧನೆ ಉಂಟಾ ಮಾಸ್ಟ್ರೇ?"

"ನಮ್ಮ ಕಾಲೇಜಿನವರೂ ಅದನ್ನೇ ಕೇಳುವುದು ಬಾಯಮ್ಮ. ಸೀಟಿ ಊದುವವನಿಗೆ ಎಂತ ಸಂಶೋಧನೆ ಅಂತ ಸ್ಟಾಫ್ ರೂಮಿನಲ್ಲಿ ನಗ್ತಾರೆ." ಅವನೂ ನಕ್ಕ. ಆದರೆ ಆ ನಗು ಅರ್ಧಕ್ಕೇ ನಿಂತಿತು. "ನನಗೆ ಬಹುಮಾನ ಬೇಡ. ಗೊತ್ತಿದ್ದವರು ಯಾರಾದರೂ ಒಮ್ಮೆ ಇದನ್ನು ಪೂರ್ತಿ ಓದಿದರೆ ಸಾಕು."

ಒಮ್ಮೆ ಓದಿದರೆ ಸಾಕು…

ಆ ಮಾತು ಕುಶಲಾಳ ಎದೆಯಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಇಷ್ಟು ಸಣ್ಣ ಆಸೆಯನ್ನು ಇಷ್ಟು ಎತ್ತರದ ಮನುಷ್ಯ ಇಷ್ಟು ಮೆತ್ತಗೆ ಹೇಳುವುದನ್ನು ಅವಳು ಕೇಳಿರಲಿಲ್ಲ.

*

ಸಾರಾಂಶ ಇನ್ನೂರೈವತ್ತು ಪದ ಮೀರಬಾರದಂತೆ. ಅವನದು ಅದರ ಎರಡರಷ್ಟಿತ್ತು.

ಮರುವಾರ ಕಡಿಮೆ ಮಾಡಿಕೊಂಡು ಬಂದ. ಆದರೂ ಹೆಚ್ಚಿತ್ತು. ಅಂಗಡಿಯ ಬೆಂಚಿನ ಮೇಲೆ ಕೂತು ಒಂದೊಂದೇ ಪದವನ್ನು ಕೊಯ್ಯುವನು, ನೋವಾದವನಂತೆ ಮುಖ ಕಿವುಚುವನು. ಅದರ ಮುಂದಿನ ವಾರವೂ ಬಂದ.

"ಈ ಮಾಸ್ಟ್ರ ಲೇಖನ ಸಣ್ಣದಾಗ್ತಾ ಉಂಟು" ಎಂದರು ಬಾಯಮ್ಮ ಅವನು ಹೋದ ಮೇಲೆ. "ಇಲ್ಲಿ ಕೂರುವ ಹೊತ್ತು ಮಾತ್ರ ದೊಡ್ಡದಾಗ್ತಾ ಉಂಟು. ನಿನಗೆ ಕಾಣುವುದಿಲ್ಲವಾ ಮಾರಾಯ್ತಿ?"

ಕುಶಲಾ ರಿಬ್ಬನ್ ಸುತ್ತುವುದರಲ್ಲಿ ಮುಳುಗಿದವಳಂತೆ ತಲೆ ತಗ್ಗಿಸಿದಳು. ಕಿವಿಗಳು ಬಿಸಿಯಾಗಿದ್ದವು.

ಅವಳಿಗೆ ಎಲ್ಲವೂ ಕಾಣುತ್ತಿತ್ತು. ಅವನು ಯೋಚಿಸುವಾಗ ಶೂವಿನ ತುದಿಯಿಂದ ನೆಲ ತಟ್ಟುವುದು, ಬಾಯಮ್ಮ ಕೊಟ್ಟ ಚಹಾವನ್ನು ಆರಲು ಬಿಟ್ಟು ಮರೆಯುವುದು, ಹೋಗುವಾಗ ಮೆಟ್ಟಿಲಲ್ಲಿ ಒಮ್ಮೆ ತಿರುಗುವುದು. ನೋಡುವುದು ಅವಳಿಗೆ ಬರುತ್ತಿತ್ತು. ಮಾತಾಡುವುದು ಬರುತ್ತಿರಲಿಲ್ಲ.

ಒಂದು ದಿನ ಅವನೇ ಕೇಳಿದ. "ನಿಮ್ಮ ಕಾಪುವಿನಲ್ಲಿ ವಾಲಿಬಾಲ್ ಟೂರ್ನಮೆಂಟ್ ಆಗ್ತದಲ್ಲ, ಅಷ್ಟು ಊರಿನ ಟೀಮುಗಳು ಬರ್ತವೆ. ಆಫೀಸಿಲ್ಲ, ಮ್ಯಾನೇಜರಿಲ್ಲ. ಆದರೂ ಎಲ್ಲೂ ಒಂದು ತಪ್ಪಾಗುವುದಿಲ್ಲ. ಹೇಗೆ?"

"ಜಗಳ ಮಾಡಿದವರಿಗೆ ಗಂಜಿ ಕೆಲಸ ಕೊಡ್ತಾರೆ" ಎಂದುಬಿಟ್ಟಳು ಕುಶಲಾ. ಹೇಳಿ ನಾಲಿಗೆ ಕಚ್ಚಿಕೊಂಡಳು.

ಅವನ ಮುಖ ಅರಳಿತು. "ಅದೇ! ನಾನು ಬರೆದದ್ದೂ ಅದನ್ನೇ. ಎಲ್ಲ ಊರಲ್ಲೂ ನೋಡಿದೆ. ಕಳೆದ ವರ್ಷ ಸಿಟ್ಟು ಮಾಡಿಕೊಂಡು ಹೋದವನಿಗೆ ಈ ವರ್ಷ ಎಲ್ಲ ಟೀಮಿನ ಊಟದ ಹೊಣೆ. ಅವನು ಮನೆಯಲ್ಲಿ ಮುಖ ದಪ್ಪ ಮಾಡಿ ಕೂರುವ ಹಾಗಿಲ್ಲ. ಇದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ಗೊತ್ತುಂಟಾ?"

"ನಮ್ಮ ವಿಠಲಣ್ಣ ಅದಕ್ಕೇ ಪ್ರತಿ ವರ್ಷ ಜಗಳ ಮಾಡುವುದು. ಅವನಿಗೆ ಸೌಟು ಹಿಡಿಯುವುದೆಂದರೆ ಇಷ್ಟ."

ಸರ್ವೋತ್ತಮ ಬೆಂಚು ಅಲುಗುವಂತೆ ನಕ್ಕ. ಕುಶಲಾಳೂ ನಕ್ಕಳು. ಅವನ ಎದುರು ಅವಳು ಹಲ್ಲು ಕಾಣುವ ಹಾಗೆ ನಕ್ಕದ್ದು ಅದೇ ಮೊದಲು. ಅವನು ನಗು ನಿಲ್ಲಿಸಿ ಅವಳನ್ನೇ ನೋಡಿದ.

"ನೀವು ಕಾಲೇಜು ಮಾಡಿದ್ದು ಎಲ್ಲಿ? ಉಡುಪಿಯಲ್ಲೇ?"

ಕುಶಲಾ ತಟ್ಟನೆ ಯಂತ್ರದ ಕಡೆ ತಿರುಗಿದಳು.

ಹೇಳು… ಈಗಲೇ ಹೇಳು, ಏಳನೇ ಕ್ಲಾಸು ಅಂತ… ಹೇಳಿದರೆ ಈ ಮನುಷ್ಯ ನಾಳೆಯಿಂದ ಬೆಂಚಿನ ಮೇಲೆ ಕೂರುವುದಿಲ್ಲ, ಹಾಳೆ ಕೊಟ್ಟು ಹೊರಗೆ ನಿಲ್ಲುತ್ತಾನೆ…

ಅವಳು ಏನೂ ಹೇಳಲಿಲ್ಲ. ಕಾಗದ ಸರಿಪಡಿಸಿದಳು. ಅವನು ಆ ಮೌನವನ್ನು ಹೌದೆಂದು ತೆಗೆದುಕೊಂಡ.

*

ಆ ಶುಕ್ರವಾರ ಸಂಜೆ ಅವನು ಬಂದಾಗ ನಿಲ್ಲಲೂ ಪುರುಸೊತ್ತಿರಲಿಲ್ಲ.

"ಕುಶಲಾ, ಒಂದು ಉಪಕಾರ ಆಗಬೇಕು. ನಾಳೆ ಐದು ಗಂಟೆಗೆ ಮಣಿಪಾಲದ ಆಫೀಸಿಗೆ ಇದು ಮುಟ್ಟಬೇಕು. ನಾಳೆಯೇ ನಮ್ಮ ಹುಡುಗರ ಫೈನಲ್, ನಾನು ಕಾರ್ಕಳ ಬಿಟ್ಟು ಬರುವ ಹಾಗಿಲ್ಲ. ನೀವೇ ಟೈಪ್ ಮಾಡಿ ಕೊಟ್ಟು ಬರಬಹುದಾ?"

ಬಾಯಮ್ಮ "ಹೋಗಿ ಬರಲಿ, ಎಂತ ದೂರವಾ" ಎಂದರು.

"ಸಾರಾಂಶ ಇಲ್ಲಿ ಉಂಟು. ನನ್ನ ಹೆಸರು, ಕಾಲೇಜು ಈ ಸಣ್ಣ ಚೀಟಿಯಲ್ಲಿ. ರೂಲ್ಸ್ ಎಲ್ಲ ಈ ನೋಟಿಸಿನಲ್ಲಿ ಉಂಟು, ಒಮ್ಮೆ ಓದಿಕೊಂಡು ಮಾಡಿ." ಮೆಟ್ಟಿಲಲ್ಲಿ ತಿರುಗಿದ. "ನಿಮ್ಮ ಕೈಯಲ್ಲಿ ಕೊಟ್ಟ ಮೇಲೆ ನನಗೆ ಚಿಂತೆ ಇಲ್ಲ."

ನೋಟಿಸು ಇಂಗ್ಲಿಷಿನಲ್ಲಿತ್ತು. ಉದ್ದಕ್ಕೆ, ಸಣ್ಣ ಅಕ್ಷರದಲ್ಲಿ. ಕುಶಲಾ ಅದನ್ನು ಅತ್ತ ಇತ್ತ ತಿರುಗಿಸಿದಳು. ಬಾಯಮ್ಮನಿಗೆ ಓದಲು ಹೇಳಬಹುದಿತ್ತು. ಆದರೆ ಬಾಯಮ್ಮ ಆಗಲೇ ಪ್ರಾರ್ಥನೆಗೆಂದು ಇಗರ್ಜಿಗೆ ಹೊರಟಿದ್ದರು. ಅದಲ್ಲದೆ, ಅವನು ನಂಬಿದ ಆ ಕಾಲೇಜು ಕಲಿತ ಕುಶಲಾ ಆಗಿ ಒಂದೇ ಒಂದು ಸಂಜೆಯಾದರೂ ಇರಬೇಕೆಂದು ಅವಳಿಗೆ ಆಸೆಯಾಗಿತ್ತು.

ಟೈಪ್ ಮಾಡಿ ಮುಗಿಸಿದಳು. ಪುಟದ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಬಿಳಿ ಬಿಳಿ.

ಆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಹೆಸರಿಲ್ಲದ ಕಾಗದ ಹೊರಗೆ ಹೋಗಕೂಡದು. ಹಿಂದೊಮ್ಮೆ ಯಾರೋ ಒಬ್ಬ ಅಧಿಕಾರಿಯ ಮೇಲೆ ಅನಾಮಧೇಯ ದೂರು ಟೈಪ್ ಮಾಡಿಸಿಕೊಂಡು ಹೋಗಿ, ಪೊಲೀಸರು ಬಾಯಮ್ಮನನ್ನು ಮೂರು ಸಂಜೆ ಕೂರಿಸಿ ಪ್ರಶ್ನೆ ಕೇಳಿದ್ದರು. ಅಂದಿನಿಂದ ಅರ್ಜಿಯಾಗಲಿ, ಬಿಲ್ಲಾಗಲಿ, ಕೆಳಗೆ ಹೆಸರು ಬೀಳದೆ ಯಂತ್ರದಿಂದ ಹಾಳೆ ಎಳೆಯುವಂತಿಲ್ಲ.

ಜಾಗ ಸಾಲದೆ ಚೀಟಿಯಲ್ಲಿ ಬರೆದಿದ್ದಾರೆ ಪಾಪ ಎಂದುಕೊಂಡಳು ಕುಶಲಾ.

ಅವನ ಹೆಸರನ್ನು ದೊಡ್ಡಕ್ಷರದಲ್ಲಿ, ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಒಂದೊಂದು ಜಾಗ ಬಿಟ್ಟು ಒತ್ತಿದಳು. ಕೆಳಗೆ ಗೆರೆ ಎಳೆದಳು. ಮದುವೆ ಕಾಗದದಲ್ಲಿ ಹೆಸರು ಬರುವ ಹಾಗೆ… ಎನ್ನಿಸಿ, ತನ್ನಷ್ಟಕ್ಕೇ ನಾಚಿ, ಹಾಳೆಯನ್ನು ಮೆಲ್ಲಗೆ ಎಳೆದಳು.

*

ಶನಿವಾರ ಬೆಳಿಗ್ಗೆಯೇ ಮಣಿಪಾಲದಲ್ಲಿ ಕೊಟ್ಟು ಬಂದಳು. ಮೈ ಹಗುರವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕಲ್ಯಾಣಪುರದ ಅಲೋಶಿಯಸ್ ಮಾಸ್ಟ್ರು ಬಂದರು. ಅವರೂ ಕಾಲೇಜಿನವರು. ಅವರ ಕೈಯಲ್ಲೂ ಅದೇ ಸಮ್ಮೇಳನಕ್ಕೆ ಒಂದು ಹಾಳೆ.

"ಬೇಗ ಆಗಬೇಕು ಬಾಯಮ್ಮ, ಐದಕ್ಕೆ ಬಾಗಿಲು ಮುಚ್ತಾರೆ."

ಕುಶಲಾ ಟೈಪ್ ಮಾಡಿದಳು. ಕೆಳಗೆ ಹೆಸರು ಒತ್ತಲು ಹೋದಾಗ ಅಲೋಶಿಯಸ್ ಮಾಸ್ಟ್ರು ಕೈ ಅಡ್ಡ ಹಿಡಿದರು.

"ಹೆಸರು ಬೇಡ ಬೇಡ. ಹೆಸರು ಬೇರೆ ಚೀಟಿಯಲ್ಲೇ ಇರಬೇಕು. ಸಾರಾಂಶದಲ್ಲಿ ಹೆಸರು ಕಂಡರೆ ಓದದೆ ಪಕ್ಕಕ್ಕೆ ಇಡ್ತಾರೆ."

"ಇದು ಎಂತ ನ್ಯಾಯ?" ಎಂದರು ಬಾಯಮ್ಮ. "ಹೆಸರಿಲ್ಲದ್ದನ್ನು ಯಾರು ನಂಬ್ತಾರೆ?"

"ನ್ಯಾಯ ಅದೇ ಅಲ್ವಾ ಬಾಯಮ್ಮ. ದೊಡ್ಡವನ ಹೆಸರು ನೋಡಿ ಒಪ್ಪಬಾರದು, ಸಣ್ಣವನ ಹೆಸರು ನೋಡಿ ಬಿಡಬಾರದು. ಬರೆದದ್ದನ್ನು ಮಾತ್ರ ನೋಡಬೇಕು."

ಕುಶಲಾಳ ಬೆರಳುಗಳು ಯಂತ್ರದ ಮೇಲೆಯೇ ನಿಂತವು.

ಓದದೆ ಪಕ್ಕಕ್ಕೆ…

ಒಮ್ಮೆ ಓದಿದರೆ ಸಾಕು ಎಂದಿದ್ದವನು. ನಗುವವರ ನಡುವೆ ಪಿ.ಟಿ. ಮಾಸ್ಟ್ರು ಎಂಬುದು ಗೊತ್ತಾಗದೆ ಅವನ ಮಾತು ಕೇಳಿಸಬಹುದಾಗಿದ್ದ ಒಂದೇ ಒಂದು ಜಾಗ. ಅದನ್ನು ತಾನು ದೊಡ್ಡಕ್ಷರದಲ್ಲಿ, ಗೆರೆ ಎಳೆದು, ಮುಚ್ಚಿ ಬಂದಿದ್ದಳು.

ಅಲೋಶಿಯಸ್ ಮಾಸ್ಟ್ರು ಹೋದ ಕೂಡಲೇ ಅವಳು ವಿಷಯ ಹೇಳಿದಳು. ಬಾಯಮ್ಮ ಎದೆ ಮುಟ್ಟಿಕೊಂಡು "ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು" ಎಂದರು. ಆಮೇಲೆ ತಾವೇ ಹೊಸ ಹಾಳೆ ತಂದು ಯಂತ್ರಕ್ಕೆ ಹಾಕಿದರು. "ಸರ್ವೋತ್ತಮ ಮಾಸ್ಟ್ರ ಕೈಬರಹದ ಪ್ರತಿ ಇಲ್ಲೇ ಉಂಟಲ್ಲ. ಒತ್ತು. ಅಳುವುದು ಆಮೇಲೆ."

*

ಮಣಿಪಾಲದ ಆಫೀಸಿನ ಕಿಟಕಿಯಲ್ಲಿ ಶೀನ ಎಂಬ ಗುಮಾಸ್ತ ಇದ್ದ. ಬೆಳಿಗ್ಗೆ ಲಕೋಟೆ ತೆಗೆದುಕೊಂಡವನೂ ಅವನೇ.

"ಬದಲಿಸಲಿಕ್ಕೆ ಬರೆದವರ ಸಹಿ ಬೇಕಮ್ಮ" ಎಂದ. "ಯಾರೋ ಬಂದು ಯಾರದ್ದೋ ತೆಗೆದುಕೊಂಡು ಹೋದರೆ ನನ್ನ ಕೆಲಸ ಹೋಗ್ತದೆ."

"ಅವರು ಕಾರ್ಕಳದಲ್ಲಿ ಇದ್ದಾರೆ."

"ಹಾಗಾದರೆ ಕಾರ್ಕಳದಿಂದ ತನ್ನಿ. ಐದಕ್ಕೆ ಕಟ್ಟು ಕಟ್ಟಿ ಕಳಿಸ್ತೇನೆ. ಆಮೇಲೆ ನನ್ನ ಕೈಯಲ್ಲಿ ಎಂತದೂ ಇಲ್ಲ."

ಕಾರ್ಕಳಕ್ಕೆ ಅವಳು ಒಬ್ಬಳೇ ಹೋದವಳಲ್ಲ. ಬಂದ ಬಸ್ಸಿಗೆ ಹತ್ತಿಬಿಟ್ಟಳು.

ಹಿರಿಯಡಕದಲ್ಲಿ ಡ್ರೈವರ್ ಇಳಿದು ಚಹಾ ಕುಡಿಯಲು ಹೋದ. ಕುಶಲಾ ಸೀಟಿನ ಕಂಬಿಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದಳು. ಎದ್ದಳು, ಕೂತಳು. ಪಕ್ಕದ ಹೆಂಗಸು ಕೇಳಿದಳು, "ಎಂತ ಮಗಾ, ಆಸ್ಪತ್ರೆಗಾ?"

"ಅಲ್ಲ" ಎಂದಳು. ಕಿಟಕಿಯಿಂದ ಚಹಾದಂಗಡಿಯತ್ತ ಕತ್ತು ಚಾಚಿದಳು.

ಹೊರಡುವಾಗ ಬಾಯಮ್ಮ ಹೇಳಿದ್ದರು, "ನನ್ನ ಹೆಸರು ಹೇಳು. ಅಂಗಡಿಯ ರೂಲ್ಸು, ಬಾಯಮ್ಮ ಹಾಕಿಸಿದ್ದು ಅಂತ ಹೇಳು. ನನಗೆ ಯಾರು ಎಂತ ಮಾಡ್ತಾರೆ?"

ಹಾಗೆ ಹೇಳಿದರೆ ಎಲ್ಲ ಮುಗಿಯಿತು. ಅವನು ಸಿಟ್ಟು ಮಾಡಿಕೊಳ್ಳುವುದು ಬಾಯಮ್ಮನ ಮೇಲೆ. ತಾನು ಕಾಲೇಜು ಕಲಿತ ಕುಶಲಾ ಆಗಿಯೇ ಉಳಿಯಬಹುದು…

ಬೈಲೂರು ದಾಟುವವರೆಗೂ ಆ ಯೋಚನೆ ಅವಳ ಜೊತೆಯಲ್ಲೇ ಪ್ರಯಾಣ ಮಾಡಿತು.

*

ಮೈದಾನದ ಸುತ್ತ ಹುಡುಗರು ಕಿಕ್ಕಿರಿದಿದ್ದರು. ಸರ್ವೋತ್ತಮ ಗೆರೆಯ ಆಚೆ ಬೆಂಚಿನ ಮುಂದೆ ನಿಂತು ಕೂಗುತ್ತಿದ್ದ. ಕುಶಲಾ ಗುಂಪಿನ ಅಂಚಿಗೆ ಬಂದು ನಿಂತಳು. ಕಾಲು ಮುಂದೆ ಹೋಗಲಿಲ್ಲ.

"ಮಾಸ್ಟ್ರೇ, ನಿಮಗೆ ಗೆಸ್ಟು" ಎಂದು ಯಾವನೋ ಕೂಗಿದ.

"ನಾವು ಸೋಲುವುದು ನೋಡಲಿಕ್ಕೆ ಎಲ್ಲಿಂದಲೋ ಜನ ಬಂದಿದ್ದಾರೆ ಮಾರಾಯ" ಎಂದ ಇನ್ನೊಬ್ಬ. ನಗು ಹರಡಿತು.

ಸರ್ವೋತ್ತಮ ತಿರುಗಿ ನೋಡಿದ. ಓಡಿ ಬಂದ. "ಎಂತ ಆಯ್ತು? ಕೊಟ್ಟಿರಲ್ಲ?"

"ಕೊಟ್ಟೆ… ತಪ್ಪಾಗಿ ಕೊಟ್ಟೆ. ಕೆಳಗೆ ನಿಮ್ಮ ಹೆಸರು ಹಾಕಿಬಿಟ್ಟೆ."

ಅವನ ಮುಖದ ರಕ್ತ ಇಳಿಯುವುದನ್ನು ಅವಳು ನೋಡಿದಳು.

"ನೋಟಿಸಿನಲ್ಲಿ ಮೊದಲನೆಯದೇ ಅದು. ಓದಲಿಲ್ಲವಾ?"

"ಇಂಗ್ಲಿಷ್ ಓದಲಿಕ್ಕೆ ಬರುವುದಿಲ್ಲ." ಸ್ವರ ನಡುಗಿತು, ಆದರೆ ನಿಲ್ಲಲಿಲ್ಲ. "ನಾನು ಏಳನೇ ಕ್ಲಾಸು. ಅಕ್ಷರ ಮಾತ್ರ ಬರುವುದು ಅಂತ ಮೊದಲ ದಿನ ಹೇಳಿದ್ದು ತಮಾಷೆಗಲ್ಲ. ಆಮೇಲೆ ನೀವು ಕಾಲೇಜು ಅಂತ ಕೇಳಿದಾಗ ನಾನು ಸುಮ್ಮನಿದ್ದೆ. ಅದು ನನ್ನ ತಪ್ಪು. ಹೆಸರು ಹಾಕುವುದು ಅಂಗಡಿಯ ರೂಲ್ಸು ಹೌದು. ಆದರೆ ಗೆರೆ ಎಳೆಯಲಿಕ್ಕೆ ಯಾರೂ ಹೇಳಿರಲಿಲ್ಲ. ನನಗೇ… ಚಂದ ಕಾಣಬೇಕು ಅಂತ ಅನಿಸಿತು."

ಕಣ್ಣಿಂದ ನೀರು ಇಳಿದೇಬಿಟ್ಟಿತು. ಹುಡುಗರು ನಗು ನಿಲ್ಲಿಸಿ ಕತ್ತು ಉದ್ದ ಮಾಡಿದ್ದರು.

"ಹೊಸದು ಟೈಪ್ ಮಾಡಿ ತಂದಿದ್ದೇನೆ. ಬದಲಿಸಲಿಕ್ಕೆ ನಿಮ್ಮ ಸಹಿ ಬೇಕಂತೆ."

ಅವನು ಆ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ ಯಾರದೋ ಪೆನ್ನು ತೆಗೆದುಕೊಂಡು, ಒಂದು ಹಾಳೆಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿ ಕೊಟ್ಟ.

"ಹೋಗಿ. ಬಸ್ಸು ತಪ್ಪಿಸಬೇಡಿ."

ಅಷ್ಟೇ. ಬೆನ್ನು ತಿರುಗಿಸಿ ಮೈದಾನದ ಕಡೆ ನಡೆದ.

*

ಪರ್ಕಳದ ಏರಿನಲ್ಲಿ ಬಸ್ಸು ಕೆಟ್ಟು ನಿಂತಿತು. ಕಂಡಕ್ಟರ್ "ಹಿಂದಿನ ಬಸ್ಸು ಬರ್ತದೆ" ಎಂದ. ಕುಶಲಾ ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯ ಬದಿಯಲ್ಲಿ ನಡೆದಳು, ಸ್ವಲ್ಪ ದೂರ ಓಡಿದಳು, ಏದುಸಿರು ಬಿಡುತ್ತ ನಿಂತಳು, ಮತ್ತೆ ನಡೆದಳು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಸಿವು ಗೊತ್ತಾಗಲೂ ಇಲ್ಲ.

ಬೆನ್ನು ತಿರುಗಿಸಿದನಲ್ಲ… ಒಂದು ಬೈದಿದ್ದರೆ ಒಳ್ಳೆಯದಿತ್ತು…

ಆಫೀಸಿನ ಕಿಟಕಿಯಲ್ಲಿ ಶೀನ ಲಕೋಟೆಗಳ ಕಟ್ಟಿಗೆ ಹುರಿ ಸುತ್ತುತ್ತಿದ್ದ. ಅವಳನ್ನು ಕಂಡು ಕೈ ನಿಲ್ಲಿಸಿದ. ಸಹಿ ನೋಡಿದ, ಅವಳ ಧೂಳು ಮೆತ್ತಿದ ಪಾದ ನೋಡಿದ, ಮಾತಿಲ್ಲದೆ ಹುರಿ ಬಿಚ್ಚಿದ. ಹಳೆಯ ಹಾಳೆ ಹೊರಗೆ ಬಂತು. ಹೊಸದು ಒಳಗೆ ಹೋಯಿತು.

"ಓದ್ತಾರಲ್ಲ?" ಎಂದಳು.

"ಓದ್ತಾರೆ. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಓದುವುದು ಮಾತ್ರ ಗ್ಯಾರಂಟಿ. ಆ ನೆರಳಲ್ಲಿ ಸ್ವಲ್ಪ ಕೂತು ಹೋಗಿ ಅಮ್ಮ."

ಅವಳು ಕೂರಲಿಲ್ಲ. ಕೂತರೆ ಯೋಚನೆ ಬರುತ್ತಿತ್ತು.

*

ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಸಂಜೆಯ ಗದ್ದಲ. ಕಾಪುವಿನ ಬಸ್ಸು ಇನ್ನೂ ಬಂದಿರಲಿಲ್ಲ. ಕುಶಲಾ ಕಂಬಕ್ಕೆ ಒರಗಿ ನಿಂತಿದ್ದಳು. ಸೋಮವಾರ ಬಾಯಮ್ಮನಿಗೆ ಹೇಳಬೇಕು, ಆ ಮಾಸ್ಟ್ರು ಬಂದರೆ ನನ್ನನ್ನು ಕರೆಯಬೇಡಿ ಅಂತ… ಅವರಿನ್ನು ಬರುವುದೂ ಇಲ್ಲ ಬಿಡು…

"ಕುಶಲಾ."

ಕಾರ್ಕಳದ ಬಸ್ಸು ಪೂರ್ತಿ ನಿಂತಿರಲಿಲ್ಲ, ಸರ್ವೋತ್ತಮ ಆಗಲೇ ಹಾರಿ ಇಳಿದಿದ್ದ. ಆಟದ ಬಟ್ಟೆಯಲ್ಲೇ ಇದ್ದ.

ಅವಳು ತಕ್ಷಣ ಹೇಳಿದಳು, "ಕೊಟ್ಟೆ. ಹುರಿ ಬಿಚ್ಚಿ ಒಳಗೆ ಇಟ್ಟರು. ಓದುವುದು ಗ್ಯಾರಂಟಿ ಅಂತ ಹೇಳಿದರು."

"ನಾನು ಅದನ್ನು ಕೇಳಲಿಕ್ಕೆ ಬಂದದ್ದಲ್ಲ."

"ಮತ್ತೆ ಎಂತ?"

"ಊಟ ಮಾಡಿದ್ರಾ?"

ಅವಳು ಬೆರಗಿನಿಂದ ನೋಡಿದಳು. ಇಲ್ಲ ಎಂದು ತಲೆಯಾಡಿಸಿದಳು. ಅವನು ಹಣೆ ಉಜ್ಜಿಕೊಂಡ.

"ನನಗೆ ಗೊತ್ತಿತ್ತು. ನೀವು ಹೋದ ಮೇಲೆ ಆಟ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಯಾರನ್ನು ಯಾವಾಗ ಬದಲಿಸಬೇಕು ಅಂತ ತಿಳಿಯಲಿಲ್ಲ. ಸೋತೆವು."

"ನನ್ನಿಂದ…"

"ನನ್ನಿಂದ. ನಿಮ್ಮನ್ನು ಒಬ್ಬರನ್ನೇ ಕಳಿಸಿದೆನಲ್ಲ, ಅದೇ ತಲೆಯಲ್ಲಿ ತಿರುಗ್ತಾ ಇತ್ತು."

"ನೀವು ಮಾತಾಡದೆ ಬೆನ್ನು ತಿರುಗಿಸಿದ್ರಿ" ಎಂದಳು ಮೆಲ್ಲಗೆ. ಅವಳ ಬಾಯಿಂದ ದೂರು ಬಂದದ್ದು ಅವಳಿಗೇ ಆಶ್ಚರ್ಯ.

"ಅಷ್ಟು ಹುಡುಗರು ನೋಡ್ತಾ ಇದ್ದರು. ನಾನು ಇನ್ನೊಂದು ಮಾತಾಡಿದ್ದರೆ ನಿಮ್ಮ ಕಣ್ಣು ಒರೆಸಲಿಕ್ಕೆ ಕೈ ಮುಂದೆ ಬರ್ತಿತ್ತು. ಆಮೇಲೆ ಅವರು ನಿಮ್ಮ ಬಗ್ಗೆ ಎಂತೆಲ್ಲ ಹೇಳ್ತಿದ್ದರು, ಯೋಚಿಸಿ."

ಕುಶಲಾ ನೆಲ ನೋಡಿದಳು.

"ನಾನು ಏಳನೇ ಕ್ಲಾಸು, ಮಾಸ್ಟ್ರೇ."

"ಮಧ್ಯಾಹ್ನ ಹೇಳಿದ್ರಿ. ನನ್ನ ಕಿವಿ ಸರಿ ಉಂಟು." ಅವನ ಸ್ವರ ಮೆತ್ತಗಾಯಿತು. "ನಾಳೆ ನಾನು ಕಾಪುವಿಗೆ ಬರ್ತೇನೆ. ನಿಮ್ಮ ಅಮ್ಮನ ಹತ್ತಿರ ಮಾತಾಡ್ಲಿಕ್ಕೆ."

"ಅಮ್ಮನ ಹತ್ತಿರ ಎಂತ ಕೇಳುವುದು?"

"ನಿಮ್ಮನ್ನು."

ಅವಳು ಸುಮ್ಮನಾದಳು. ಈ ಸಲ ಆ ಮೌನವನ್ನು ಅವನು ಹೌದೆಂದು ತೆಗೆದುಕೊಳ್ಳಲಿಲ್ಲ. ಕಾದ.

"ಅಮ್ಮನ ಹತ್ತಿರ ನೀವು ಕೇಳ್ತೀರಿ" ಎಂದಳು ಕೊನೆಗೆ. "ನನ್ನ ಹತ್ತಿರ ಯಾರು ಕೇಳುವುದು?"

"ಈಗ ಕೇಳಿದೆ ಅಲ್ವಾ?"

"ನೀವು ಕೇಳಿದ್ದು ಊಟ ಆಯ್ತಾ ಅಂತ."

ಸರ್ವೋತ್ತಮ ನಗಲು ಹೋದ. ಅರ್ಧಕ್ಕೇ ನಿಲ್ಲಿಸಿದ. ಒಂದು ಹೆಜ್ಜೆ ಹತ್ತಿರ ಬಂದು ನಿಂತ.

"ನನ್ನನ್ನು ಮದುವೆ ಆಗ್ತೀರಾ ಕುಶಲಾ?"

ಕುಶಲಾ ತಲೆ ಎತ್ತಿದಳು. ಇಷ್ಟು ದಿನ ಕದ್ದು ನೋಡಿದ ಮುಖವನ್ನು ನೆಟ್ಟಗೆ ನೋಡಿದಳು.

"ಆಗ್ತೇನೆ."

ಕಾಪುವಿನ ಬಸ್ಸು ಅವರ ಪಕ್ಕದಲ್ಲೇ ಬಂದು ನಿಂತಿತ್ತು. ಜನ ನುಗ್ಗಿ ಹತ್ತಿದರು, ಬುಟ್ಟಿಗಳು ಮೇಲೇರಿದವು, ಎಂಜಿನ್ ಗುಡುಗುಟ್ಟಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಕಂಬದ ಬಳಿ ನಿಂತ ಇಬ್ಬರ ಕಡೆ ಬಗ್ಗಿದ.

"ಕಾಪು, ಪಡುಬಿದ್ರಿ… ಅಕ್ಕ, ಹತ್ತುವುದಾದರೆ ಬೇಗ ಹತ್ತಿ."